ಬ್ರದರ್ ಕ್ಯಾಡ್‌ವೆಲ್ ಕಾದಂಬರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೆರಡನೆಯ ಶತಮಾನದ ಇಂಗ್ಲೆಂಡು, ನದಿಯ ದಡದ ಒಂದು ಕ್ರೈಸ್ತ ಮಠ, ಗಿಡಮೂಲಿಕೆ ಬೆಳೆಸಿಕೊಂಡಿರುವ ವಯಸ್ಸಾದ ಸನ್ಯಾಸಿ, ಮತ್ತು ಮಠದ ಸುತ್ತಮುತ್ತ ಅನುಮಾನ ಬರುವಷ್ಟು ಹೆಚ್ಚು ಕೊಲೆಗಳು. ಈ ಸರಣಿಗೆ ಕೈಹಾಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೊಲೆಗಾರ ಯಾರೆಂಬುದನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಕಥೆಯ ಮೊದಲ ಕೆಲವು ಅಧ್ಯಾಯಗಳಷ್ಟನ್ನು ಮಾತ್ರ ಹೇಳಿದ್ದೇನೆ.

ಇದು ಯಾವ ಸರಣಿ? ಬರೆದವರು ಯಾರು?

ಎಲ್ಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ ಈಡಿತ್ ಪಾರ್ಜಿಟರ್ ಬರೆದ 20 ಕಾದಂಬರಿಗಳು, ಜೊತೆಗೆ ಮೂರು ಕಥೆಗಳ ಒಂದು ಸಂಕಲನ. ಮೊದಲನೆಯದು 1977ರಲ್ಲಿ ಬಂತು, ಕೊನೆಯದು 1994ರಲ್ಲಿ. ಪಾರ್ಜಿಟರ್ 1913ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯಲ್ಲಿ ಹುಟ್ಟಿದರು. ಬದುಕಿನ ಬಹುಭಾಗವನ್ನು ಅಲ್ಲಿಯೇ ಕಳೆದು 1995ರಲ್ಲಿ ತೀರಿಕೊಂಡರು. ಎಲ್ಲಿಸ್ ಎಂಬುದು ಅವರ ಅಣ್ಣನ ಹೆಸರು. ಯೌವನದಲ್ಲಿ ಡಾಲಿ ಎಂಬ ಪಕ್ಕದ ಊರಿನ ಔಷಧಿ ಅಂಗಡಿಯಲ್ಲಿ ಸಹಾಯಕಿಯಾಗಿ ದುಡಿದರು, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿ ಪದಕ ಪಡೆದರು, ಚೆಕ್ ಭಾಷೆ ಕಲಿತು ಅಲ್ಲಿನ ಸಾಹಿತ್ಯವನ್ನು ಇಂಗ್ಲಿಷಿಗೆ ತಂದರು. ಕ್ಯಾಡ್‌ವೆಲ್ ಹುಟ್ಟಿದಾಗ ಅವರು ಅರವತ್ತು ದಾಟಿದ್ದರು. ಕಾದಂಬರಿಗಳಲ್ಲಿ ಕಾಣುವ ಆತುರವಿಲ್ಲದ ಧಾಟಿಗೆ ಇದೂ ಒಂದು ಕಾರಣವಿರಬೇಕು.

ಕ್ಯಾಡ್‌ಫೈಲ್ ಎನ್ನಬೇಕೇ, ಕ್ಯಾಡ್‌ವೆಲ್ ಎನ್ನಬೇಕೇ?

ಟಿವಿಯಲ್ಲಿ ನೋಡಿದವರು ಕ್ಯಾಡ್‌ಫೈಲ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವುದು Cadfael ಎಂದು. ವೇಲ್ಸ್ ಭಾಷೆಯಲ್ಲಿ ಅದರ ನಡುವಿನ f ಅಕ್ಷರವನ್ನು ‘ವ’ ಎಂದು ಉಚ್ಚರಿಸುತ್ತಾರೆ, ಲೇಖಕಿಯ ಇಷ್ಟವೂ ಅದೇ ಆಗಿತ್ತು. ಹೇಗೆ ಕರೆದರೂ ಸನ್ಯಾಸಿ ಬೇಸರ ಮಾಡಿಕೊಳ್ಳುವವನಲ್ಲ.

ಕಥಾನಾಯಕ ಎಂಥವನು?

ಪೂರ್ಣ ಹೆಸರು ಕ್ಯಾಡ್‌ವೆಲ್ ಅಪ್ ಮೈಲಿರ್ ಅಪ್ ಡಾವಿಡ್. ಅಂದರೆ ಡಾವಿಡನ ಮಗ ಮೈಲಿರ್, ಅವನ ಮಗ ಕ್ಯಾಡ್‌ವೆಲ್. ಉತ್ತರ ವೇಲ್ಸಿನ ಟ್ರೆವ್ರಿವ್ ಎಂಬ ಹಳ್ಳಿಯವನು, 1080ರಲ್ಲಿ ಹುಟ್ಟಿದವನು. ಜೆರುಸಲೇಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧವಾದ ಮೊದಲ ಕ್ರುಸೇಡಿನಲ್ಲಿ ಸೈನಿಕನಾಗಿ ಹೋಗಿ ಆಂಟಿಯೋಕ್, ಜೆರುಸಲೇಮ್ ಮುತ್ತಿಗೆಗಳನ್ನು ಕಂಡಿದ್ದಾನೆ, ಬಳಿಕ ಆ ಕರಾವಳಿಯಲ್ಲಿ ಹಡಗು ನಡೆಸಿದ್ದಾನೆ, ಅಲ್ಲಿನ ಹೆಂಗಸೊಬ್ಬಳನ್ನು ಪ್ರೀತಿಸಿದ್ದಾನೆ. ನಲವತ್ತರ ವಯಸ್ಸಿನಲ್ಲಿ, ಇನ್ನು ಸಾಕು ಎನ್ನಿಸಿ, ಶ್ರೂಸ್‌ಬರಿಯ ಬೆನೆಡಿಕ್ಟೈನ್ ಮಠ ಸೇರಿದ್ದಾನೆ.

ಅವನು ಎಳೆವಯಸ್ಸಿನಲ್ಲಿ ಮಠಕ್ಕೆ ಕೊಟ್ಟ ಬಾಲಕನಲ್ಲ. ಲೋಕವನ್ನು ಪೂರ್ತಿ ಉಂಡು ಬಂದವನು. ಆದ್ದರಿಂದ ಮೂವತ್ತು ವರ್ಷ ಗೋಡೆಯೊಳಗೇ ಇದ್ದ ಸನ್ಯಾಸಿಗಳಿಗೆ ಪಾಪವಾಗಿ ಕಾಣುವುದು ಇವನಿಗೆ ಬರಿಯ ಯೌವನವಾಗಿ ಕಾಣುತ್ತದೆ. ಬೆಳಗಿನ ಸಭೆಯಲ್ಲಿ ಕಂಬದ ಮರೆಯ ಜಾಗ ಹಿಡಿದು ತೂಕಡಿಸುತ್ತಾನೆ. ಆಜ್ಞಾಪಾಲನೆಯ ವ್ರತ ತೊಟ್ಟಿದ್ದರೂ ಆಜ್ಞೆಯನ್ನು ತನಗೆ ಬೇಕಾದಂತೆ ಅರ್ಥಮಾಡಿಕೊಳ್ಳುವ ಕಲೆ ಬಲ್ಲವನು.

ಎಲ್ಲಿಂದ ಆರಂಭಿಸಬೇಕು? ಕ್ರಮವಾಗಿಯೇ ಓದಬೇಕೇ?

ಮೊದಲ ಪುಸ್ತಕದಿಂದಲೇ ಆರಂಭಿಸಿ: ‘ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್’. ಶ್ರೂಸ್‌ಬರಿ ಮಠದಲ್ಲಿ ಸಂತರ ಅಸ್ಥಿಗಳಿಲ್ಲ. ಅಸ್ಥಿಗಳಿಲ್ಲವೆಂದರೆ ಯಾತ್ರಿಕರಿಲ್ಲ, ಯಾತ್ರಿಕರಿಲ್ಲವೆಂದರೆ ಕಾಣಿಕೆಯೂ ಇಲ್ಲ, ಕೀರ್ತಿಯೂ ಇಲ್ಲ. ಮಠದ ಎರಡನೆಯ ಅಧಿಕಾರಿಯಾದ ಪ್ರಯರ್ ರಾಬರ್ಟ್ ವೇಲ್ಸಿನ ಗ್ವಿದೆರಿನ್ ಎಂಬ ಹಳ್ಳಿಯಲ್ಲಿ ಹೂತಿರುವ ಸಂತ ವಿನಿಫ್ರೆಡಳ ಮೂಳೆಗಳನ್ನು ತರಲು ತಂಡ ಕಟ್ಟಿಕೊಂಡು ಹೊರಡುತ್ತಾನೆ. ನಮ್ಮೂರಿನ ಸಂತಳನ್ನು ಅಗೆದು ಒಯ್ಯಲು ನೀವು ಯಾರು ಎಂದು ಅಲ್ಲಿನ ಜಮೀನುದಾರ ಎದುರು ನಿಲ್ಲುತ್ತಾನೆ, ಮತ್ತು ಬಾಣ ತಗುಲಿ ಸತ್ತು ಬೀಳುತ್ತಾನೆ.

ಈ ಪುಸ್ತಕದ ಕೊನೆಯಲ್ಲಿ ನಡೆಯುವ ಒಂದು ಸಂಗತಿ ಮುಂದಿನ ಹತ್ತೊಂಬತ್ತು ಪುಸ್ತಕಗಳುದ್ದಕ್ಕೂ ಕ್ಯಾಡ್‌ವೆಲ್ ಮತ್ತು ಓದುಗರ ನಡುವಿನ ಗುಟ್ಟಾಗಿ ಉಳಿಯುತ್ತದೆ. ಬೇರೆಲ್ಲಿಂದಲಾದರೂ ಆರಂಭಿಸಿದರೆ ಆ ತಮಾಷೆ ಕೈತಪ್ಪುತ್ತದೆ. ಲೇಖಕಿ ಇದನ್ನು ಬಿಡಿ ಕಾದಂಬರಿಯಾಗಿಯೇ ಬರೆದಿದ್ದರು, ಸರಣಿಯ ಯೋಚನೆ ಬಂದದ್ದು ಆಮೇಲೆ.

ಎರಡನೆಯದನ್ನೂ ಮೂರನೆಯದನ್ನೂ ಕ್ರಮವಾಗಿ ಓದಿ. ನಂತರ ಹೇಗೆ ಓದಿದರೂ ನಡೆಯುತ್ತದೆ, ಆದರೆ ಒಂದು ಎಳೆಯನ್ನು ಕಡಿಯಬೇಡಿ: ಆರನೆಯ ‘ದಿ ವರ್ಜಿನ್ ಇನ್ ದಿ ಐಸ್’, ಹತ್ತನೆಯ ‘ದಿ ಪಿಲ್‌ಗ್ರಿಮ್ ಆಫ್ ಹೇಟ್’ ಮತ್ತು ಇಪ್ಪತ್ತನೆಯ ‘ಬ್ರದರ್ ಕ್ಯಾಡ್‌ವೆಲ್ಸ್ ಪೆನನ್ಸ್’. ಈ ಮೂರನ್ನು ಹಿಂದೆಮುಂದೆ ಮಾಡಿದರೆ ಸರಣಿಯ ಅತ್ಯಂತ ಆಪ್ತವಾದ ಕಥೆ ಹಾಳಾಗುತ್ತದೆ.

ಇಂಗ್ಲೆಂಡಿನ ಇತಿಹಾಸವೇ ಗೊತ್ತಿಲ್ಲ. ಸ್ಟೀಫನ್ ಯಾರು, ಮಾಡ್ ಯಾರು?

ಅಚ್ಚ ದಾಯಾದಿ ಕಲಹ. ಮಹಾಭಾರತ ಕೇಳಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲನೆಯ ಹೆನ್ರಿ ದೊರೆಗೆ ಹಕ್ಕಿನ ಮಗನಾಗಿ ಇದ್ದವನು ವಿಲಿಯಂ ಒಬ್ಬನೇ. 1120ರ ನವೆಂಬರಿನಲ್ಲಿ ‘ವೈಟ್ ಶಿಪ್’ ಎಂಬ ಹಡಗು ನಾರ್ಮಂಡಿಯ ತೀರದಲ್ಲಿ ಬಂಡೆಗೆ ಬಡಿದು ಮುಳುಗಿ ಅವನು ಸತ್ತ. ಉಳಿದವಳು ಮಗಳು ಮಟಿಲ್ಡಾ. ಕಾದಂಬರಿಗಳಲ್ಲಿ ಅವಳ ಹೆಸರು ಮಾಡ್. ಜರ್ಮನಿಯ ಚಕ್ರವರ್ತಿಯ ವಿಧವೆಯಾದ್ದರಿಂದ ಎಂಪ್ರೆಸ್ ಎಂದೂ ಕರೆಯುತ್ತಾರೆ. ತನ್ನ ನಂತರ ಅವಳೇ ಪಟ್ಟಕ್ಕೆ ಬರಬೇಕೆಂದು ಹೆನ್ರಿ ಸರದಾರರಿಂದ ಪ್ರಮಾಣ ಮಾಡಿಸಿಕೊಂಡ. 1135ರಲ್ಲಿ ಅವನು ಸತ್ತ ಕೂಡಲೇ ಅವನ ಸೋದರಿಯ ಮಗ ಸ್ಟೀಫನ್, ತಾನೂ ಪ್ರಮಾಣ ಮಾಡಿದ್ದವನೇ, ಸಮುದ್ರ ದಾಟಿ ಬಂದು ಕಿರೀಟ ಧರಿಸಿಬಿಟ್ಟ. ಮುಂದಿನ ಹದಿನೆಂಟು ವರ್ಷ ಹೊಡೆದಾಟ.

ಕಾದಂಬರಿ ಓದಲು ಬೇಕಾದ ತಾರೀಖುಗಳು ಕೆಲವೇ. 1138ರಲ್ಲಿ ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ಹಿಡಿದು ಕಾವಲಿನವರನ್ನು ಗಲ್ಲಿಗೇರಿಸಿದ. 1141ರ ಫೆಬ್ರವರಿಯಲ್ಲಿ ಲಿಂಕನ್ ಕದನದಲ್ಲಿ ಅವನೇ ಸೆರೆಸಿಕ್ಕ. ಮಾಡ್ ಗೆದ್ದಳು ಎನ್ನುವಷ್ಟರಲ್ಲಿ ಅವಳ ದರ್ಪ ಸಹಿಸದ ಲಂಡನ್ ಜನ ಅವಳನ್ನು ಪಟ್ಟಾಭಿಷೇಕಕ್ಕೆ ಮೊದಲೇ ಓಡಿಸಿದರು. ಅದೇ ವರ್ಷ ಅವಳ ಬಲಗೈಯಂತಿದ್ದ ಮಲಸೋದರ, ಗ್ಲಾಸ್ಟರಿನ ರಾಬರ್ಟ್, ಸೆರೆಯಾದ. ದೊರೆಗೆ ಬದಲು ರಾಬರ್ಟ್ ಎಂದು ಕೈದಿಗಳ ವಿನಿಮಯ ನಡೆದು, ಆಟ ಮತ್ತೆ ಮೊದಲಿನ ಮನೆಗೇ ಬಂತು. 1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ಸಿಕ್ಕಿಬಿದ್ದ ಮಾಡ್ ಬಿಳಿ ಬಟ್ಟೆ ಹೊದ್ದು, ಹಿಮದಲ್ಲಿ ಕಣ್ಣಿಗೆ ಕಾಣದಂತೆ, ಮುತ್ತಿಗೆ ಹಾಕಿದ್ದ ಸೇನೆಯನ್ನು ದಾಟಿ ಪಾರಾದಳು. ಇದು ಕಾದಂಬರಿಕಾರರು ಕಟ್ಟಿದ ಘಟನೆಯಲ್ಲ, ಇತಿಹಾಸ.

ಕಾಲವನ್ನು ಮನಸ್ಸಿಗೆ ತಂದುಕೊಳ್ಳಲು ನಮ್ಮ ಕಡೆಯ ಗುರುತು ಬೇಕೆಂದರೆ: ಮೊದಲ ಕಾದಂಬರಿ ನಡೆಯುವ 1137ರಲ್ಲಿ ದ್ವಾರಸಮುದ್ರದಲ್ಲಿ ವಿಷ್ಣುವರ್ಧನ ಇದ್ದ, ಕಲ್ಯಾಣದಲ್ಲಿ ಮಾನಸೋಲ್ಲಾಸದ ಮೂರನೆಯ ಸೋಮೇಶ್ವರ ಇದ್ದ.

ಹಾಗಾದರೆ ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಚೌಕಟ್ಟು ಪೂರ್ತಿ ನಿಜ, ಕೊಲೆಗಳು ಕಲ್ಪಿತ. 1083ರಲ್ಲಿ ರೋಜರ್ ಡಿ ಮಾಂಟ್ಗಮರಿ ಸ್ಥಾಪಿಸಿದ ಶ್ರೂಸ್‌ಬರಿ ಮಠ ನಿಜ. ವಿನಿಫ್ರೆಡಳ ಮೂಳೆಗಳನ್ನು ವೇಲ್ಸಿನಿಂದ ತಂದದ್ದು ನಿಜ. ತಂದ ಪ್ರಯರ್ ರಾಬರ್ಟ್ ನಿಜವಾದ ವ್ಯಕ್ತಿ, ಅವನು ಬರೆದ ಸಂತ ವಿನಿಫ್ರೆಡಳ ಚರಿತ್ರೆ ಉಳಿದುಬಂದಿದೆ. ಎಂಟು ಶತಮಾನಗಳ ಬಳಿಕ ಒಬ್ಬ ಹೆಂಗಸು ತನ್ನನ್ನು ಇಷ್ಟು ನಯವಾಗಿ ಗೇಲಿ ಮಾಡುತ್ತಾಳೆ ಎಂದು ಆ ಮಹಾನುಭಾವ ಎಣಿಸಿರಲಿಕ್ಕಿಲ್ಲ. ಮಠದ ಮುಖ್ಯಸ್ಥರಾದ ಹೆರಿಬರ್ಟ್, ರಾಡಲ್ಫಸ್ ಇಬ್ಬರ ಹಿಂದೆಯೂ ಚಾರಿತ್ರಿಕ ವ್ಯಕ್ತಿಗಳಿದ್ದಾರೆ.

ಕ್ಯಾಡ್‌ವೆಲ್, ಸೀಮೆಯ ಕಾನೂನು ಕಾಯುವ ಶೆರಿಫ್ ಹ್ಯೂ ಬೆರಿಂಗರ್, ಮಠದ ಚಾಡಿಕೋರ ಬ್ರದರ್ ಜೆರೋಮ್ ಕಲ್ಪನೆಯವರು. ಇತಿಹಾಸದ ಬಿರುಕಿನಲ್ಲಿ ಕಥೆ ನಾಟುವ ಪಾರ್ಜಿಟರ್ ಅವರ ರೀತಿಗೆ ಎರಡನೆಯ ಕಾದಂಬರಿ ‘ಒನ್ ಕಾರ್ಪ್ಸ್ ಟೂ ಮೆನಿ’ ಒಳ್ಳೆಯ ಉದಾಹರಣೆ. ಶ್ರೂಸ್‌ಬರಿಯಲ್ಲಿ ಗಲ್ಲಿಗೇರಿದವರು 94 ಮಂದಿ. ಸತ್ತವರಿಗೆ ಗೌರವದ ಸಂಸ್ಕಾರವಾಗಲಿ ಎಂದು ಕ್ಯಾಡ್‌ವೆಲ್ ಹೆಣಗಳನ್ನು ಸಾಲಾಗಿ ಮಲಗಿಸಿ ಎಣಿಸುತ್ತಾನೆ. 95 ಇವೆ. ಸಾಮೂಹಿಕ ಹತ್ಯೆಯಲ್ಲಿ ತನ್ನ ಒಂದು ಕೊಲೆಯನ್ನು ಯಾರೋ ಬಚ್ಚಿಟ್ಟಿದ್ದಾರೆ. ದೊರೆ ಕೊಂದರೆ ನ್ಯಾಯ, ಬೇರೆಯವನು ಕೊಂದರೆ ಕೊಲೆ: ಈ ಅಂತರವನ್ನು ಕಾದಂಬರಿ ಬೊಟ್ಟುಮಾಡಿ ತೋರಿಸುವುದಿಲ್ಲ, ಆದರೆ ಓದುಗ ಅದರಿಂದ ತಪ್ಪಿಸಿಕೊಳ್ಳಲಾರ. ಪತ್ತೇದಾರಿ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಂಡಿಲ್ಲ.

ಪ್ರೈಮ್, ವೆಸ್ಪರ್ಸ್, ಕಂಪ್ಲೈನ್ ಎಂದೆಲ್ಲ ಬರುತ್ತದೆ. ಏನದು?

ಪ್ರಾರ್ಥನೆಯ ಹೊತ್ತುಗಳು. ಗಡಿಯಾರದ ಬದಲು ಮಠದ ಗಂಟೆಯೇ ಊರಿಗೆಲ್ಲ ಹೊತ್ತು ಹೇಳುತ್ತಿತ್ತು. ನಡುರಾತ್ರಿಯ ಸುಮಾರಿಗೆ ಮ್ಯಾಟಿನ್ಸ್, ನಸುಕಿನಲ್ಲಿ ಲಾಡ್ಸ್, ಬೆಳಿಗ್ಗೆ ಪ್ರೈಮ್, ಸಂಜೆ ವೆಸ್ಪರ್ಸ್, ಮಲಗುವ ಮುನ್ನ ಕಂಪ್ಲೈನ್ ಎಂದು ನೆನಪಿಟ್ಟುಕೊಂಡರೆ ಸಾಕು. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ಲೆಕ್ಕ ಈ ಗಂಟೆಗಳ ಮೇಲೆಯೇ ನಿಂತಿರುವುದರಿಂದ ಇದನ್ನು ಹಾರಿಸಿ ಓದಬೇಡಿ.

ಬೆರಳಚ್ಚು, ರಕ್ತಪರೀಕ್ಷೆ ಇಲ್ಲದ ಕಾಲದಲ್ಲಿ ಪತ್ತೆ ಹೇಗೆ?

ನೋಡಿ, ಮೂಸಿ, ಮುಟ್ಟಿ. ಹೆಣ ಸೆಟೆದುಕೊಂಡ ಪ್ರಮಾಣದಿಂದ ಸಾವಿನ ಹೊತ್ತು, ಬಟ್ಟೆಗೆ ಅಂಟಿದ ಬೀಜದಿಂದ ಸತ್ತ ಜಾಗ, ಗಾಯದಲ್ಲಿ ಸಿಕ್ಕ ಉಣ್ಣೆಯ ಎಳೆ, ನದಿಗೆ ಬಿದ್ದದ್ದು ಯಾವ ತಿರುವಿನಲ್ಲಿ ದಡ ಸೇರುತ್ತದೆ ಎಂಬ ಅಂಬಿಗರ ತಿಳಿವಳಿಕೆ. ಸೆವರ್ನ್ ನದಿ ಶ್ರೂಸ್‌ಬರಿಯನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತುವರಿದು ಹರಿಯುತ್ತದೆ, ಹಾಗಾಗಿ ನೀರಿಗೆ ಇಲ್ಲಿ ಕೆಲಸ ಹೆಚ್ಚು.

ಆ ಕಾಲದ ಕಾನೂನೂ ಕಥೆಗೆ ದುಡಿಯುತ್ತದೆ. ಚರ್ಚಿನೊಳಗೆ ಓಡಿಬಂದು ಆಶ್ರಯ ಬೇಡಿದವನನ್ನು ನಲವತ್ತು ದಿನ ಯಾರೂ ಮುಟ್ಟುವಂತಿಲ್ಲ. ಏಳನೆಯ ಪುಸ್ತಕ ‘ದಿ ಸ್ಯಾಂಕ್ಚುರಿ ಸ್ಪ್ಯಾರೋ’ ಆರಂಭವಾಗುವುದೇ ಜನ ಬೆನ್ನಟ್ಟಿದ ಬಡಪಾಯಿ ಹಾಡುಗಾರನೊಬ್ಬ ರಾತ್ರಿಯ ಪ್ರಾರ್ಥನೆಯ ನಡುವೆ ಒಳನುಗ್ಗುವುದರಿಂದ. ಹೊರಗೆ ಗುಂಪು ಕಾದಿದೆ, ಒಳಗೆ ದಿನಗಳು ಕರಗುತ್ತಿವೆ. ಇನ್ನು ವೇಲ್ಸಿನ ಕಾನೂನೇ ಬೇರೆ. ತಂದೆ ಒಪ್ಪಿಕೊಂಡ ಮಗ ಮದುವೆಯ ಹೊರಗೆ ಹುಟ್ಟಿದವನಾದರೂ ಅಲ್ಲಿ ಆಸ್ತಿಗೆ ಹಕ್ಕುದಾರ, ಗಡಿಯ ಈಚೆ ಅಲ್ಲ. ಗಡಿ ಎರಡೂ ಕಡೆ ಬಲ್ಲ ಕ್ಯಾಡ್‌ವೆಲ್‌ಗೆ ಇಂಗ್ಲಿಷರು ಕಾಣದ ಕಾರಣಗಳು ಕಾಣುತ್ತವೆ.

ಅವನ ಔಷಧಿಗಳು ನಿಜವಾದವೇ?

ಹೌದು, ಔಷಧಿ ಅಂಗಡಿಯ ಅನುಭವ ಲೇಖಕಿಗೆ ಇಲ್ಲಿ ಒದಗಿಬಂದಿದೆ. ಮೂರನೆಯ ಕಾದಂಬರಿ ‘ಮಂಕ್ಸ್-ಹುಡ್’ನಲ್ಲಿ ಕೀಲುನೋವಿಗೆಂದು ಕ್ಯಾಡ್‌ವೆಲ್ ತಾನೇ ಕಾಯಿಸಿದ ಎಣ್ಣೆ ಒಬ್ಬನ ಊಟದಲ್ಲಿ ಸೇರಿ ಅವನ ಜೀವ ತೆಗೆಯುತ್ತದೆ. ಮೈಗೆ ತಿಕ್ಕಿದರೆ ಔಷಧಿ, ಹೊಟ್ಟೆಗೆ ಹೋದರೆ ವಿಷ. ಆ ಗಿಡ ನಮ್ಮ ಆಯುರ್ವೇದದ ವತ್ಸನಾಭದ ಕುಲದ್ದೇ. ನಮ್ಮ ವೈದ್ಯರೂ ಅದನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಶೋಧಿಸದೆ ಮುಟ್ಟುವುದಿಲ್ಲ. ಈ ಕಾದಂಬರಿಗೆ 1980ರಲ್ಲಿ ಬ್ರಿಟನ್ನಿನ ಅಪರಾಧ ಲೇಖಕರ ಸಂಘದ ಸಿಲ್ವರ್ ಡ್ಯಾಗರ್ ಬಹುಮಾನ ಬಂತು.

ನೋವಿನವರಿಗೂ ನಿದ್ದೆ ಬಾರದವರಿಗೂ ಅವನು ಕೊಡುವ ಕಷಾಯ ಪೂರ್ವದಿಂದ ತಂದ ಬೀಜದಲ್ಲಿ ಬೆಳೆದ ಗಸಗಸೆ ಗಿಡದ್ದು. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಒರಗಿದವರಿಗೆ ಇದರಲ್ಲಿ ಸೋಜಿಗವಿಲ್ಲ. ಆದರೆ ಅವನು ಬಳಸುವುದು ಕಾಯಿಯ ಹಾಲನ್ನು, ಬೀಜವನ್ನಲ್ಲ. ಪುಸ್ತಕ ನೋಡಿ ಮನೆಯಲ್ಲಿ ಯಾವುದನ್ನೂ ಪ್ರಯತ್ನಿಸಬೇಡಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ನಾಯಕ ಸನ್ಯಾಸಿ ಎಂದಮೇಲೆ ಪುಟಗಟ್ಟಲೆ ಧರ್ಮೋಪದೇಶ ಇರುತ್ತದೆಯೇ?

ಇಲ್ಲ. ಉಪದೇಶ ಮಾಡುವವರು ಈ ಕಾದಂಬರಿಗಳಲ್ಲಿ ಒಂದೋ ನಗೆಪಾಟಲಾಗುತ್ತಾರೆ, ಇಲ್ಲವೇ ಹೆಣವಾಗುತ್ತಾರೆ. ಹನ್ನೆರಡನೆಯದಾದ ‘ದಿ ರೇವನ್ ಇನ್ ದಿ ಫೋರ್‌ಗೇಟ್’ನಲ್ಲಿ ಹೊಸದಾಗಿ ಬಂದ ಪಾದ್ರಿ ಏಲ್‌ನೋತ್ ಶಾಸ್ತ್ರದ ಅಕ್ಷರ ಬಿಟ್ಟು ಕದಲುವವನಲ್ಲ. ಕರುಣೆ ತೋರಬೇಕಾದ ಹೊತ್ತಿನಲ್ಲಿ ನಿಯಮ ಓದಿ ಕೆಲವೇ ದಿನಗಳಲ್ಲಿ ಇಡೀ ಕೇರಿಯ ದ್ವೇಷ ಗಳಿಸುತ್ತಾನೆ. ಕ್ರಿಸ್‌ಮಸ್ ಬೆಳಿಗ್ಗೆ ಗಿರಣಿಯ ಕೊಳದಲ್ಲಿ ಅವನ ಹೆಣ ಸಿಕ್ಕಾಗ, ಕೊಂದವರು ಯಾರು ಎಂಬುದಕ್ಕಿಂತ ಕೊಲ್ಲಲು ಕಾರಣವಿಲ್ಲದವರು ಯಾರು ಎಂದು ಹುಡುಕುವುದೇ ಕಷ್ಟ.

ದೇವರಲ್ಲಿ ನಂಬಿಕೆ ಮಾತ್ರ ಈ ಪುಸ್ತಕಗಳಲ್ಲಿ ಗಟ್ಟಿಯಾಗಿದೆ, ಲೇಖಕಿ ಅದನ್ನು ಹಗುರ ಮಾಡುವುದಿಲ್ಲ. ನಂಬದವರಿಗೂ ಅದು ಅಡ್ಡಿಯಾಗುವುದಿಲ್ಲ.

ಕ್ಯಾಡ್‌ವೆಲ್ ಅಪರಾಧಿಗಳನ್ನು ಬಿಟ್ಟುಬಿಡುತ್ತಾನಂತೆ, ನಿಜವೇ?

ಕೆಲವೊಮ್ಮೆ ನಿಜ, ಮತ್ತು ಈ ಸರಣಿಯನ್ನು ಓದಬೇಕಾದದ್ದೇ ಇದಕ್ಕಾಗಿ ಎಂದು ನನ್ನ ಅಭಿಪ್ರಾಯ.

ಬಾಡಿಗೆ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆಯ ಅಧ್ಯಾಯಕ್ಕೆ ಪೊಲೀಸ್ ಜೀಪು ಬರುತ್ತದೆ, ಕೈಗೆ ಬೇಡಿ ಬೀಳುತ್ತದೆ, ಪುಸ್ತಕ ಮುಗಿಯುತ್ತದೆ. ಇಲ್ಲಿ ಯಾರೆಂದು ತಿಳಿದ ಮೇಲೆಯೇ ನಿಜವಾದ ಕಷ್ಟ ಶುರು. ಸಿಕ್ಕಿಬಿದ್ದವನಿಗೆ ಆ ಕಾಲದಲ್ಲಿ ಗಲ್ಲೇ ಗತಿ. ಕೊಂದವನು ಸಿಟ್ಟಿನ ಒಂದು ಗಳಿಗೆಯಲ್ಲಿ ಕೈಯೆತ್ತಿದವನಾಗಿದ್ದರೆ? ಸತ್ತವನೇ ಹೆಚ್ಚು ಪಾಪಿಯಾಗಿದ್ದರೆ? ಗಲ್ಲಿನಿಂದ ಯಾರಿಗೆ ಏನು ಬಂತು, ಬದುಕಿ ತೀರಿಸಬೇಕಾದ ಋಣ ಯಾವುದು ಎಂದು ಕ್ಯಾಡ್‌ವೆಲ್ ಕೇಳಿಕೊಳ್ಳುತ್ತಾನೆ. ಒಮ್ಮೆ ಜೀವಮಾನವಿಡೀ ಹೊರಬೇಕಾದ ಪ್ರಾಯಶ್ಚಿತ್ತ ವಿಧಿಸುತ್ತಾನೆ, ಒಮ್ಮೆ ತಿಳಿದೂ ಸುಮ್ಮನಿರುತ್ತಾನೆ. ದುರಾಸೆಯಿಂದ, ಲೆಕ್ಕ ಹಾಕಿ ಕೊಂದವನಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಇದು ಕಾನೂನಿನ ದೃಷ್ಟಿಯಲ್ಲಿ ತಪ್ಪು ಎಂದು ವಾದಿಸುವವರಿದ್ದಾರೆ. ತಪ್ಪೇ. ಒಬ್ಬ ಸನ್ಯಾಸಿ ತನಗೆ ತೋಚಿದಂತೆ ತೀರ್ಪು ಕೊಡುವುದನ್ನು ಇಂದಿನ ನ್ಯಾಯಾಲಯ ಒಪ್ಪಲಾರದು. ಆದರೆ ಅಂತರ್ಯುದ್ಧದ ನಡುವೆ, ಯಾರ ಕಾನೂನು ಜಾರಿಯಲ್ಲಿದೆ ಎಂಬುದೇ ತಿಳಿಯದ ನಾಡಿನಲ್ಲಿ, ಒಬ್ಬ ಮನುಷ್ಯ ತನ್ನ ತೂಕದ ಕಲ್ಲು ತಾನೇ ಹುಡುಕಿಕೊಳ್ಳಬೇಕಾಗುತ್ತದೆ. ಅವನ ತೀರ್ಪನ್ನು ನಾನು ಪ್ರತಿಸಲವೂ ಒಪ್ಪಿಲ್ಲ. ಅವನು ಅದನ್ನು ಹಗುರವಾಗಿ ಕೊಟ್ಟದ್ದನ್ನೂ ಕಂಡಿಲ್ಲ.

ಹಾಗಾದರೆ ಶೆರಿಫ್ ಸುಮ್ಮನಿರುತ್ತಾನೆಯೇ?

ಅವನೇ ಹ್ಯೂ ಬೆರಿಂಗರ್, ಸರಣಿಯ ಎರಡನೆಯ ಸೊಗಸು. ಎರಡನೆಯ ಪುಸ್ತಕದಲ್ಲಿ ಕಾಲಿಡುವಾಗ ಅವನು ಮಿತ್ರನೋ ಶತ್ರುವೋ ಎಂದು ತಿಳಿಯುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಲು ಹೂಡುವ ಆಟವೇ ಅವರ ಗೆಳೆತನಕ್ಕೆ ಅಡಿಪಾಯ. ಸ್ಟೀಫನ್ನನ ಅಧಿಕಾರಿಯಾದ್ದರಿಂದ ಹ್ಯೂ ಕಾನೂನನ್ನು ಎತ್ತಿಹಿಡಿಯಲೇಬೇಕು. ಕ್ಯಾಡ್‌ವೆಲ್ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವನಿಗೆ ಗೊತ್ತಾಗುತ್ತದೆ, ಗೊತ್ತಾದದ್ದು ಕ್ಯಾಡ್‌ವೆಲ್‌ಗೂ ಗೊತ್ತಿರುತ್ತದೆ. ಗಿಡಮೂಲಿಕೆಯ ಗುಡಿಸಲಿನಲ್ಲಿ ಇಬ್ಬರೂ ವೈನ್ ಕುಡಿಯುತ್ತಾ ಹೇಳಬಾರದ್ದನ್ನು ಹೇಳದೆ ಮಾತಾಡುವ ಪುಟಗಳಿಗಾಗಿ ನಾನು ಕೊಲೆಯನ್ನೇ ಮರೆಯಬಲ್ಲೆ.

ಎಲ್ಲ ಪುಸ್ತಕಗಳೂ ಒಂದೇ ತರಹ ಎನ್ನುತ್ತಾರಲ್ಲ?

ಈ ದೂರಿನಲ್ಲಿ ಹುರುಳಿದೆ. ಪ್ರತಿಯೊಂದರಲ್ಲೂ ಒಂದು ಎಳೆಯ ಜೋಡಿ ಇರುತ್ತದೆ. ಹುಡುಗನ ಮೇಲೆ ಸುಳ್ಳು ಆಪಾದನೆ ಬರುತ್ತದೆ, ಹುಡುಗಿ ದಿಟ್ಟೆಯಾಗಿರುತ್ತಾಳೆ, ಕೊನೆಗೆ ಮದುವೆಯ ಸೂಚನೆ ಸಿಗುತ್ತದೆ. ನಾಲ್ಕೈದು ಓದಿದವರು ಪ್ರೇಮಿಗಳನ್ನು ಸಂಶಯಿತರ ಪಟ್ಟಿಯಿಂದ ಕಣ್ಣುಮುಚ್ಚಿ ತೆಗೆದುಹಾಕಬಹುದು. ಹುಡುಗಿಯರೆಲ್ಲ ಚೆಲುವೆಯರು ಎಂಬುದೂ ಸ್ವಲ್ಪ ಅತಿಯಾಯಿತು. ಒಂದೇ ಉಸಿರಿಗೆ ಸಾಲಾಗಿ ಓದಿದರೆ ಇದು ಚುಚ್ಚುತ್ತದೆ, ಬಿಡುವು ಕೊಟ್ಟು ಓದಿದರೆ ಅಷ್ಟಿಲ್ಲ.

ಮಾದರಿ ಮುರಿಯುವ ಪುಸ್ತಕಗಳೂ ಇವೆ. ‘ಆ್ಯನ್ ಎಕ್ಸಲೆಂಟ್ ಮಿಸ್ಟರಿ’ಯಲ್ಲಿ ರಹಸ್ಯ ಬೇಗ ಹೊಳೆದರೂ ದುಃಖ ಕಡಿಮೆಯಾಗುವುದಿಲ್ಲ. ‘ದಿ ಪಾಟರ್ಸ್ ಫೀಲ್ಡ್’ನಲ್ಲಿ ಮಠಕ್ಕೆ ಬಂದ ಹೊಲವನ್ನು ಉಳುವಾಗ ಹೆಂಗಸೊಬ್ಬಳ ಮೂಳೆಗಳು ಮೇಲೆ ಬರುತ್ತವೆ. ಆ ಹೊಲದ ಹಿಂದಿನ ಕುಂಬಾರ ಹೆಂಡತಿಯನ್ನು ಬಿಟ್ಟು ಈಗ ಅದೇ ಮಠದಲ್ಲಿ ಸನ್ಯಾಸಿಯಾಗಿದ್ದಾನೆ. ದೇವರು ಕರೆದ ಎಂದು ಹೊರಟುಹೋದ ಗಂಡನಿಗೆ ಶಾಂತಿ ಸಿಕ್ಕಿತು, ಇತ್ತ ವಿಧವೆಯೂ ಅಲ್ಲದೆ ಮುತ್ತೈದೆಯೂ ಅಲ್ಲದೆ ಉಳಿದವಳ ಗತಿಯೇನು? ಈ ಪ್ರಶ್ನೆ ಕೇಳಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ.

ನನ್ನ ಮೆಚ್ಚಿನದು ‘ದಿ ರೋಸ್ ರೆಂಟ್’: ಮಠಕ್ಕೆ ಮನೆಯೊಂದನ್ನು ಕೊಟ್ಟ ವಿಧವೆ ಬಾಡಿಗೆಯಾಗಿ ಕೇಳುವುದು ವರ್ಷಕ್ಕೊಂದು ಬಿಳಿ ಗುಲಾಬಿಯನ್ನು, ಮತ್ತು ಆ ಗಿಡವನ್ನು ಯಾರೋ ಕಡಿಯುತ್ತಾರೆ.

ಇಂಗ್ಲಿಷ್ ಕಷ್ಟವೇ?

ಮೊದಲ ಐವತ್ತು ಪುಟ ಸ್ವಲ್ಪ ತ್ರಾಸ. ವಾಕ್ಯಗಳು ಉದ್ದ, ಮಾತುಕತೆಯಲ್ಲಿ ಹಳೆಯ ಕಾಲದ ಬನಿ, ವೇಲ್ಸಿನ ಹೆಸರುಗಳಂತೂ ನಾಲಿಗೆಗೆ ಸವಾಲು. ಅರ್ಥಕೋಶ ಹಿಡಿದು ಕೂರಬೇಡಿ, ಸಂದರ್ಭವೇ ಅರ್ಥ ಕೊಡುತ್ತದೆ. ಪುಸ್ತಕದ ಆರಂಭದಲ್ಲಿ ನಕ್ಷೆಯಿದ್ದರೆ ಅಲ್ಲಿ ಬೆರಳಿಟ್ಟುಕೊಳ್ಳಿ. ಪಟ್ಟಣ, ಸೇತುವೆ, ಮಠ, ಅದರ ಮುಂದಿನ ಫೋರ್‌ಗೇಟ್ ಕೇರಿ, ಕೊನೆಯಲ್ಲಿ ಕುಷ್ಠರೋಗಿಗಳ ಸೇಂಟ್ ಜೈಲ್ಸ್ ಆಸ್ಪತ್ರೆ: ಇಷ್ಟು ಮನಸ್ಸಿನಲ್ಲಿ ನಿಂತರೆ ಎಲ್ಲ ಪುಸ್ತಕಗಳಿಗೂ ಸಾಕು.

ಟಿವಿ ಧಾರಾವಾಹಿ ನೋಡಿದರೆ ಸಾಲದೇ?

1994ರಿಂದ 1998ರವರೆಗೆ ಬ್ರಿಟನ್ನಿನ ಐಟಿವಿಯಲ್ಲಿ 13 ಕಂತುಗಳು ಬಂದವು. ಚಿತ್ರೀಕರಣ ಹೆಚ್ಚಾಗಿ ಹಂಗೆರಿಯಲ್ಲಿ. ಡೆರೆಕ್ ಜೇಕಬಿ ಕ್ಯಾಡ್‌ವೆಲ್ ಆಗಿ ಅದ್ಭುತ, ಕಣ್ಣಿನಲ್ಲೇ ಅರ್ಧ ಸಂಭಾಷಣೆ ಮುಗಿಸುತ್ತಾರೆ. ಆದರೆ ಹ್ಯೂ ಪಾತ್ರಕ್ಕೆ ಮೂವರು ನಟರು ಬದಲಾದರು, ಕಥೆಗಳ ಕ್ರಮ ಕಲಸಿಹೋಯಿತು, ಋತುಗಳೂ ತೋಟವೂ ಹಿನ್ನೆಲೆಗೆ ಸರಿದವು. ಓದಿದ ಮೇಲೆ ನೋಡಿ.

ಶ್ರೂಸ್‌ಬರಿಗೆ ಹೋದರೆ ಏನು ಕಾಣಬಹುದು?

ಮಠ 1540ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ, ಮುಚ್ಚಿಹೋಯಿತು. ಚರ್ಚಿನ ಒಂದು ಭಾಗ ಉಳಿದು ಈಗಲೂ ಪೂಜೆಯಲ್ಲಿದೆ. ಒಳಗೆ ವಿನಿಫ್ರೆಡಳ ಸಮಾಧಿಪೀಠದ್ದೆನ್ನುವ ಕೆತ್ತನೆಯ ತುಣುಕು, ಪಾರ್ಜಿಟರ್ ನೆನಪಿಗೆ ಸಂತ ಬೆನೆಡಿಕ್ಟನ ಬಣ್ಣದ ಗಾಜಿನ ಕಿಟಕಿ ಇವೆ. ಉಳಿದ ಕಟ್ಟಡಗಳ ಜಾಗದಲ್ಲಿ 1830ರ ದಶಕದಲ್ಲಿ ಥಾಮಸ್ ಟೆಲ್‌ಫರ್ಡನ ಹೆದ್ದಾರಿ ಹಾದುಹೋಯಿತು. ಊಟದ ಮನೆಯಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದ ಕಲ್ಲಿನ ಪೀಠವೊಂದು ರಸ್ತೆಯ ಆಚೆ ಒಂಟಿಯಾಗಿ ನಿಂತಿದೆ.

ಮಕ್ಕಳು ಓದಬಹುದೇ?

ಹೈಸ್ಕೂಲು ಮುಗಿಸಿದವರು ಧಾರಾಳವಾಗಿ ಓದಬಹುದು. ಹಿಂಸೆ ಇದೆ, ಅದರ ಚಪ್ಪರಿಕೆ ಇಲ್ಲ.

ಇಪ್ಪತ್ತೂ ಮುಗಿದ ಮೇಲೆ ಏನು?

‘ಎ ರೇರ್ ಬೆನೆಡಿಕ್ಟೈನ್’ ಸಂಕಲನದ ಮೊದಲ ಕಥೆ ಕ್ಯಾಡ್‌ವೆಲ್ ಮಠ ಸೇರಿದ ಬಗೆಯನ್ನು ಹೇಳುತ್ತದೆ. ಆ ವೈಟ್ ಶಿಪ್ ದುರಂತದ ದಿನಗಳೇ ಅದರ ಹಿನ್ನೆಲೆ. ಕಾಲದಲ್ಲಿ ಮೊದಲಿನದಾದರೂ ಓದುವಾಗ ಕೊನೆಗೇ ಇಟ್ಟುಕೊಳ್ಳಿ, ಅವನನ್ನು ಬಲ್ಲವರಿಗೆ ಮಾತ್ರ ಅದರ ರುಚಿ.

ಮಠದ ಪತ್ತೇದಾರಿಕೆಯೇ ಇನ್ನೂ ಬೇಕೆಂದರೆ ಉಂಬರ್ಟೋ ಎಕೋನ ‘ದಿ ನೇಮ್ ಆಫ್ ದಿ ರೋಸ್’ ಇದೆ. ಕ್ಯಾಡ್‌ವೆಲ್ ಬಂದ ಮೂರು ವರ್ಷಕ್ಕೆ, 1980ರಲ್ಲಿ ಪ್ರಕಟವಾದದ್ದು. ಬುದ್ಧಿಗೆ ಅದು ಹಬ್ಬದೂಟ, ಆದರೆ ಸನ್ಯಾಸಿಗಳ ಮೇಲೆ ಪ್ರೀತಿ ಹುಟ್ಟಿಸುವ ಪುಸ್ತಕವಲ್ಲ. ಏಳನೆಯ ಶತಮಾನದ ಐರ್ಲೆಂಡಿನ ಸಿಸ್ಟರ್ ಫಿಡೆಲ್ಮಾಳನ್ನು ನಾಯಕಿಯಾಗಿಸಿದ ಪೀಟರ್ ಟ್ರೆಮೇನ್ ಕಾದಂಬರಿಗಳು ಓಡಿಸಿಕೊಂಡು ಹೋಗುತ್ತವೆ, ಬರವಣಿಗೆ ಒರಟು. ನನ್ನನ್ನು ಕೇಳಿದರೆ ಪಾರ್ಜಿಟರ್ ತಮ್ಮ ಸ್ವಂತ ಹೆಸರಿನಲ್ಲಿ ಬರೆದ ‘ದಿ ಹೆವನ್ ಟ್ರೀ’ ಕಾದಂಬರಿತ್ರಯಕ್ಕೆ ಹೋಗಿ. ಅದೇ ವೇಲ್ಸ್ ಗಡಿ, ಹದಿಮೂರನೆಯ ಶತಮಾನ, ಒಬ್ಬ ಶಿಲ್ಪಿಯ ಕಥೆ. ಅಲ್ಲಿ ಎಲ್ಲವನ್ನೂ ಸರಿಪಡಿಸಲು ಕ್ಯಾಡ್‌ವೆಲ್ ಇಲ್ಲ, ಆದ್ದರಿಂದ ಎದೆ ಗಟ್ಟಿ ಮಾಡಿಕೊಂಡು ತೆರೆಯಿರಿ.